ಕೋಟಗಢದ ತೋಟಗಾರ: ಸ್ಯಾಮ್ಯುಯೆಲ್ ಸ್ಟೋಕ್ಸರ ಬದುಕು ಮತ್ತು ಸಭಾಚರಿತ್ರೆ

ಸಾಧು ಸುಂದರ ಸಿಂಗರ ಹೆಸರನ್ನು ಕೇಳದ ಕ್ರೈಸ್ತ ಮನೆತನ ನಮ್ಮ ನಾಡಿನಲ್ಲಿ ವಿರಳ. ಅವರ ಜೀವನಚರಿತ್ರೆಯನ್ನು ಓದಿದವರಿಗೆ, ದೀಕ್ಷಾಸ್ನಾನವಾದ ಮುಂದಿನ ಒಂದೆರಡು ವರ್ಷಗಳ ಪ್ರಸಂಗಗಳಲ್ಲಿ ಕಾವಿಯುಟ್ಟ ಅಮೆರಿಕದ ತರುಣರೊಬ್ಬರು ಅವರ ಜೊತೆಗಾರರಾಗಿ ಸುಳಿದುಹೋಗುವುದು ನೆನಪಿದ್ದೀತು. ಕಾಂಗ್ರಾ ಸೀಮೆಯ ಕಾಡುದಾರಿಯಲ್ಲಿ ಸಾಧುಗಳು ಜ್ವರದಿಂದ ಕುಸಿದಾಗ ಆರೈಕೆ ಮಾಡಿದವರು ಇವರೇ. ಅಲ್ಲಿಂದ ಮುಂದೆ ಆ ಗ್ರಂಥಗಳಲ್ಲಿ ಅವರ ಸುದ್ದಿಯಿಲ್ಲ. ಇತ್ತ ಹಿಮಾಚಲ ಪ್ರದೇಶದ ರೈತರಲ್ಲಿ ಇದೇ ವ್ಯಕ್ತಿಯ ಹೆಸರು ಬೇರೊಂದು ಕಾರಣಕ್ಕೆ ಮನೆಮಾತಾಗಿದೆ. ನಮ್ಮ ಪೇಟೆಗಳಲ್ಲಿ ಶಿಮ್ಲಾ ಸೇಬು ಎಂದು ಮಾರಾಟವಾಗುವ ಕೆಂಪು ಹಣ್ಣನ್ನು ಆ ಬೆಟ್ಟಗಳಿಗೆ ತಂದು ಬೇರೂರಿಸಿದವರು ಅವರು. ಸಭೆಯ ನೆನಪಿಗೂ ರೈತರ ನೆನಪಿಗೂ ನಡುವೆ ಸೇತುವೆಯಿಲ್ಲ. ಸೇಬಿನ ಕಥೆ ಹೇಳುವವರಿಗೆ ಅವರ ದೈವಶಾಸ್ತ್ರ ಬೇಕಾಗಿಲ್ಲ. ಸಭಾಚರಿತ್ರೆ ಬರೆಯುವವರಿಗೆ, 1932ರಲ್ಲಿ ಅವರು ಹಿಂದೂ ಧರ್ಮವನ್ನು ಸ್ವೀಕರಿಸಿದರೆಂಬ ಕಾರಣದಿಂದ, ಅವರ ಬದುಕೇ ಬೇಕಾಗಿಲ್ಲ.

ಈ ಎರಡನ್ನೂ ಕೂಡಿಸಿ ಓದಬೇಕೆಂಬುದು ನಮ್ಮ ಉದ್ದೇಶ. ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸರ ಹಣ್ಣಿನ ತೋಟವು ಸುವಾರ್ತಾಸೇವೆಯಿಂದ ನಿವೃತ್ತರಾದವರೊಬ್ಬರ ಉಪಕಸುಬಾಗಿರಲಿಲ್ಲವೆಂದು ನಾವು ತಿಳಿಯುತ್ತೇವೆ. ಕ್ರಿಸ್ತನನ್ನು ಸಾರಲು ಬಂದ ಪರದೇಶಿಯು ಆ ಜನರಲ್ಲಿ ಒಬ್ಬನಾಗುವುದು ಹೇಗೆ ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವೇ ಆ ತೋಟ. ಅದೇ ಪ್ರಶ್ನೆ ಅವರನ್ನು ಕೊನೆಗೆ ಸಭೆಯ ಹೊಸ್ತಿಲಿನಾಚೆಗೂ ಕರೆದೊಯ್ದಿತು. ಪೂರ್ವಾರ್ಧವನ್ನು ಮೆಚ್ಚಿ ಉತ್ತರಾರ್ಧವನ್ನು ಹರಿದು ಬಿಸಾಡುವ ಸೌಲಭ್ಯ ಚರಿತ್ರಕಾರನಿಗಿಲ್ಲ.

ಸ್ಟೋಕ್ಸರು 1882ರ ಆಗಸ್ಟ್ 16ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದರು. ಮನೆತನ ಕ್ವೇಕರ್ ಪಂಥದ್ದು. ತಂದೆ ಯಂತ್ರೋದ್ಯಮಿ, ಸಿರಿವಂತರು. ಕ್ವೇಕರರಲ್ಲಿ ಅಭಿಷಿಕ್ತ ಯಾಜಕರಿಲ್ಲ, ಸಂಸ್ಕಾರವಿಧಿಗಳಿಲ್ಲ; ಪ್ರತಿಯೊಬ್ಬ ಮನುಷ್ಯನೊಳಗೂ ದೇವರ ಬೆಳಕೊಂದಿದೆ, ಮೌನದಲ್ಲಿ ಅದಕ್ಕೆ ಕಾದಿರಬೇಕು ಎಂಬುದು ಅವರ ನಂಬಿಕೆಯ ತಿರುಳು. ಈ ಒಳಬೆಳಕಿನ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮಗ ವ್ಯಾಪಾರಕ್ಕೆ ಇಳಿಯಲಿಲ್ಲ. ಶಿಮ್ಲಾ ಬೆಟ್ಟಗಳ ತಪ್ಪಲಿನ ಸಬಾಥುವಿನಲ್ಲಿ ಕುಷ್ಠರೋಗಿಗಳ ಆಶ್ರಮವನ್ನು ನೋಡಿಕೊಳ್ಳುತ್ತಿದ್ದ ಡಾ. ಕಾರ್ಲ್ಟನ್ ದಂಪತಿಗಳ ಜೊತೆಗೂಡಿ 1904ರ ಫೆಬ್ರವರಿಯಲ್ಲಿ ಮುಂಬಯಿ ಬಂದರಿನಲ್ಲಿ ಇಳಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಮರುವರ್ಷ ಏಪ್ರಿಲ್ 4ರಂದು ಕಾಂಗ್ರಾ ಕಣಿವೆಯಲ್ಲಿ ಭೂಕಂಪವಾಗಿ ಸುಮಾರು 20,000 ಜನರು ಸತ್ತರು. ಬದುಕುಳಿದವರ ನಡುವೆ ಪರಿಹಾರಕಾರ್ಯದಲ್ಲಿ ತೊಡಗಿದವರಲ್ಲಿ ಈ ತರುಣರೂ ಇದ್ದರು.

ಆಶ್ರಮದಲ್ಲಿಯೂ ಭೂಕಂಪದ ನಾಡಿನಲ್ಲಿಯೂ ಅವರನ್ನು ಕಾಡಿದ್ದು ಒಂದೇ ಸಂಗತಿ. ತಾವು ಎಷ್ಟೇ ದುಡಿದರೂ ಜನರ ಕಣ್ಣಿಗೆ ತಾವು ಸಾಹೇಬರು. ಮಿಷನ್ ಬಂಗಲೆ, ಆಳುಕಾಳು, ಕುದುರೆ, ಬೇಸಿಗೆಗೆ ಗಿರಿಧಾಮ ಇವೆಲ್ಲ ಅಂದಿನ ಮಿಷನೆರಿ ಬದುಕಿನ ಸಹಜ ಅಂಗಗಳಾಗಿದ್ದವು. ಆಳುವವರ ಮೈಬಣ್ಣವನ್ನೇ ಹೊತ್ತವರ ಬಾಯಿಂದ ಶಿಲುಬೆಯ ಸಂದೇಶ ಬಂದರೆ ಕೇಳುವವನಿಗೆ ಅದು ಹೇಗೆ ಕೇಳಿಸೀತು? 1906ರ ಹೊತ್ತಿಗೆ ಸ್ಟೋಕ್ಸರು ತಮ್ಮಲ್ಲಿದ್ದುದನ್ನು ಬಿಟ್ಟುಕೊಟ್ಟು, ಅಸಿಸ್ಸಿಯ ಫ್ರಾನ್ಸಿಸನ ಮಾದರಿಯನ್ನು ಕಣ್ಣಮುಂದೆ ಇಟ್ಟುಕೊಂಡು, ಒರಟು ಬಟ್ಟೆಯುಟ್ಟು ಕಾಲ್ನಡಿಗೆಯಲ್ಲಿ ಹೊರಟರು. ಸುಂದರ ಸಿಂಗರ ಒಡನಾಟ ಈ ಕಾಲದ್ದು. ಹಿಂದಿನ ವರ್ಷವಷ್ಟೇ ಶಿಮ್ಲಾದಲ್ಲಿ ದೀಕ್ಷಾಸ್ನಾನ ಪಡೆದಿದ್ದ ಆ ಹದಿಹರೆಯದ ಸಿಖ್ ಯುವಕರಿಗೆ ಇವರು ಅಣ್ಣನಂತಿದ್ದರು. ಇಬ್ಬರೂ ಸಬಾಥುವಿನ ರೋಗಿಗಳ ಸೇವೆಯನ್ನೂ ಕೂಡಿಯೇ ಮಾಡಿದರು.

1910ರಲ್ಲಿ ಲಾಹೋರಿನ ಬಿಷಪ್ ಲೆಫ್ರಾಯ್ ಅವರ ಆಶೀರ್ವಾದದೊಂದಿಗೆ ‘ಯೇಸುವಿನ ಅನುಕರಣೆಯ ಸಹೋದರ ಸಂಘ’ ರೂಪುಗೊಂಡಿತು. ಬಡತನ, ಬ್ರಹ್ಮಚರ್ಯ, ದೀನರ ಸೇವೆ ಅದರ ವ್ರತಗಳು. ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನ ಸಿ. ಎಫ್. ಆಂಡ್ರೂಸರು ಈ ಪ್ರಯತ್ನಕ್ಕೆ ನಿಕಟರಾಗಿದ್ದರು. ಮುಂದೆ ತಿರುನೆಲ್ವೇಲಿಯ ಬಿಷಪರಾದ ಎಫ್. ಜೆ. ವೆಸ್ಟರ್ನ್ ಅವರು ಸ್ಟೋಕ್ಸರೊಂದಿಗೆ ವ್ರತ ಸ್ವೀಕರಿಸಿದರು. ಭಾರತೀಯ ಸಂನ್ಯಾಸದ ವೇಷದಲ್ಲಿ ಕ್ರೈಸ್ತ ಸಾಕ್ಷಿ ಎಂಬ ಕಲ್ಪನೆಗೆ ದೇಶದ ಒಳಗೂ ಹೊರಗೂ ಮೆಚ್ಚುಗೆ ದೊರೆಯಿತು. ಆದರೆ ಸಂಘ ಹುಟ್ಟಿ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅದರ ಸ್ಥಾಪಕರೇ ಹೊರನಡೆದರು.

ಈ ನಿರ್ಗಮನವನ್ನು ಹಲವರು ಅಸ್ಥಿರತೆಯೆಂದು ಕಂಡರು, ವ್ರತಭಂಗವೆಂದವರೂ ಇದ್ದಿರಬೇಕು. ನಮಗೆ ಹಾಗೆ ತೋರುವುದಿಲ್ಲ. ಕಾವಿ ಬಟ್ಟೆಗೆ ಈ ದೇಶದಲ್ಲಿ ಗೌರವ ಸಲ್ಲುತ್ತದೆ, ಸಂದೇಹವಿಲ್ಲ. ಆದರೆ ಗೌರವ ಬೇರೆ, ನೆಂಟಸ್ತಿಕೆ ಬೇರೆ. ಸಂನ್ಯಾಸಿಗೆ ಹೊಲವಿಲ್ಲ, ಮಕ್ಕಳ ಮದುವೆಯ ಚಿಂತೆಯಿಲ್ಲ, ಪಟವಾರಿಯ ಭಯವಿಲ್ಲ. ಮಳೆ ತಪ್ಪಿದರೆ ಅವನ ಪಾಲಿಗೆ ಮುಂದಿನ ಊರಿದೆ. ಅದರಲ್ಲೂ ಬಿಳಿಯ ಸಂನ್ಯಾಸಿಗೆ ಬೇಡವೆನಿಸಿದ ದಿನ ಹಡಗು ಹತ್ತುವ ದಾರಿ ತೆರೆದೇ ಇರುತ್ತದೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಅಪೊಸ್ತಲನು ಹೇಳುವ ಬರಿದಾಗುವಿಕೆಯನ್ನು ನಿಜವಾಗಿ ಅನುಸರಿಸಬೇಕಾದರೆ ಹಿಂದಿರುಗುವ ದಾರಿಯನ್ನೂ ಬಿಟ್ಟುಕೊಡಬೇಕಾಗುತ್ತದೆ. ಜನಾಂಗಗಳ ನಡುವಣ ಗೋಡೆಯನ್ನು ವೇಷದಿಂದ ಕೆಡವಲಾಗದು, ಕುಟುಂಬದಿಂದ ಮಾತ್ರ ಸಾಧ್ಯ ಎಂಬ ನಿಲುವಿಗೆ ಸ್ಟೋಕ್ಸರು ಬಂದರು. 1912ರ ಸೆಪ್ಟೆಂಬರ್ 12ರಂದು ಕೋಟಗಢದ ಆಗ್ನೆಸ್ ಬೆಂಜಮಿನ್ ಎಂಬ ಪಹಾಡಿ ಕ್ರೈಸ್ತ ಕನ್ಯೆಯನ್ನು ವರಿಸಿದರು.

ಕೋಟಗಢದ ಬಗ್ಗೆ ಇಲ್ಲಿ ಒಂದು ಮಾತು ಅವಶ್ಯ. ಶಿಮ್ಲಾದಿಂದ ಟಿಬೆಟ್ಟಿನತ್ತ ಹೋಗುವ ಹಳೆಯ ಹಿಂದೂಸ್ಥಾನ್–ಟಿಬೆಟ್ ರಸ್ತೆಯಲ್ಲಿ, ಸತ್ಲಜ್ ನದಿಯ ಕಣಿವೆಯ ಮೇಲಿನ ಏರಿನಲ್ಲಿ ಅದಿದೆ. 1840ರ ದಶಕದಿಂದಲೂ ಅಲ್ಲಿ ಮಿಷನ್ ಇತ್ತು. ಕಿಪ್ಲಿಂಗ್ ತನ್ನ ಮೊದಲ ಕಥಾಸಂಕಲನದಲ್ಲಿ ಈ ಮಿಷನ್ನಿನಲ್ಲಿ ಬೆಳೆದ ಲಿಸ್ಪೆತ್ ಎಂಬ ಬೆಟ್ಟದ ಹುಡುಗಿಯ ಕಥೆಯನ್ನು ಬರೆದಿದ್ದಾನೆ. ಅವಳು ಒಬ್ಬ ಆಂಗ್ಲ ತರುಣನ ಜೀವ ಉಳಿಸಿ, ಅವನು ತನ್ನನ್ನು ವರಿಸುವನೆಂದು ನಂಬುತ್ತಾಳೆ, ಅವನು ಹೊರಟುಹೋಗುತ್ತಾನೆ, ಮರಳಿ ಬರುತ್ತಾನೆಂದು ಪಾದ್ರಿಯ ಹೆಂಡತಿ ಅವಳಿಗೆ ಸುಳ್ಳು ಹೇಳುತ್ತಾಳೆ. ಸತ್ಯ ತಿಳಿದ ದಿನ ಹುಡುಗಿ ಮಿಷನ್ನನ್ನು ತೊರೆದು ತನ್ನ ಜನರ ನಡುವೆ ಮರೆಯಾಗುತ್ತಾಳೆ. ಮಿಷನೆರಿಗಳನ್ನು ಕೆಣಕುವುದರಲ್ಲಿ ಕಿಪ್ಲಿಂಗನಿಗೆ ಸುಖವಿತ್ತು, ಅದು ಬೇರೆ ಮಾತು. ಆದರೂ ಆ ಕಥೆಯಲ್ಲಿ ಚುಚ್ಚುವ ಸತ್ಯವೊಂದಿದೆ: ದೀಕ್ಷಾಸ್ನಾನ ಕೊಟ್ಟವರು ಹೆಣ್ಣು ಕೊಟ್ಟು ತರುವ ಸಂಬಂಧಕ್ಕೆ ಸಿದ್ಧರಿರಲಿಲ್ಲ. ಅದೇ ಊರಿನಲ್ಲಿ, ಆ ಕಥೆ ಪ್ರಕಟವಾಗಿ ಕಾಲು ಶತಮಾನವಾಗುವ ಹೊತ್ತಿಗೆ, ಹೊರಗಿನಿಂದ ಬಂದ ಬಿಳಿಯನೊಬ್ಬ ಬೆಟ್ಟದ ಹೆಣ್ಣನ್ನು ಮದುವೆಯಾಗಿ ಅಲ್ಲಿಯೇ ನಿಂತನು.

ನಿಂತ ಮೇಲೆ ದುಡಿಮೆ ಬೇಕು. ಮನೆತನದ ಹಣದ ನೆರವಿನಿಂದ, ಹಿಂದೆ ಚಹಾ ಬೆಳೆಯುತ್ತಿದ್ದ ಬಾರೋಬಾಗ್ ಎಂಬಲ್ಲಿ ಸುಮಾರು 200 ಎಕರೆ ಭೂಮಿಯನ್ನು ಕೊಂಡರು. ಹಾರ್ಮನಿ ಹಾಲ್ ಎಂಬ ಮನೆ ಕಟ್ಟಿದರು. ಅಮೆರಿಕದ ಹಣವಿಲ್ಲದೆ ಈ ಪ್ರಯೋಗ ನಡೆಯುತ್ತಿರಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಸುತ್ತಲಿನ ರೈತನಿಗೆ ತುಂಡು ಭೂಮಿಯಿದ್ದಾಗ ಇವರಿಗೆ ಒಂದು ಏರೇ ಇತ್ತು. ಬರಿದಾಗುವಿಕೆಯ ಮಾತಾಡುವಾಗ ಈ ಲೆಕ್ಕವನ್ನೂ ಬರೆದಿಡುವುದು ನ್ಯಾಯ. ಮೊದಮೊದಲು ಅವರೂ ಇತರರಂತೆ ಧಾನ್ಯ, ತರಕಾರಿ ಬೆಳೆದರು. ಇಳಿಜಾರಿನ ಮಣ್ಣು ತೆಳುವಾದದ್ದು. ಗೋಧಿ, ಜೋಳ, ಆಲೂಗಡ್ಡೆಗಳಿಂದ ಹೊಟ್ಟೆ ತುಂಬುವುದೇ ಕಷ್ಟ, ಕೈಯಲ್ಲಿ ಕಾಸು ಉಳಿಯುವುದಂತೂ ದೂರದ ಮಾತು.

ಹಿಮಾಲಯಕ್ಕೆ ಸೇಬು ಹೊಸದಾಗಿರಲಿಲ್ಲ. 1870ರ ಸುಮಾರಿಗೇ ಕ್ಯಾಪ್ಟನ್ ಲೀ ಎಂಬ ಆಂಗ್ಲರು ಕುಲ್ಲು ಕಣಿವೆಯ ಬಂದ್ರೋಲಿನಲ್ಲಿ ತೋಟ ಹಾಕಿದ್ದರು. ಆದರೆ ಅವು ಇಂಗ್ಲೆಂಡಿನ ತಳಿಗಳು, ಹುಳಿಸಿಹಿ ರುಚಿಯವು. ಸಾಹೇಬರ ಊಟದ ಮೇಜಿಗೆ ಅವು ಸರಿ. ಭಾರತದ ಪೇಟೆಯಲ್ಲಿ ಹುಳಿ ಹಣ್ಣನ್ನು ಹಣಕೊಟ್ಟು ಕೊಳ್ಳುವವರು ಯಾರು? ಸ್ಟೋಕ್ಸರು ಅಮೆರಿಕಕ್ಕೆ ಹೋಗಿದ್ದಾಗ ಮಿಸೌರಿ ರಾಜ್ಯದ ಲೂಸಿಯಾನಾ ಪಟ್ಟಣದಲ್ಲಿದ್ದ ಸ್ಟಾರ್ಕ್ ಸಹೋದರರ ನರ್ಸರಿಯ ‘ಡಿಲಿಷಸ್’ ತಳಿಯ ವಿಷಯ ತಿಳಿದರು. ಸಿಹಿಯಾದ, ಗಾಢ ಕೆಂಪಿನ, ಅಡಿಯಲ್ಲಿ ಐದು ಗುಬುಟುಗಳಿರುವ ಹಣ್ಣು. ಅದರ ಹುಟ್ಟಿನ ಕಥೆ ಅಮೆರಿಕದ ತೋಟಗಾರರಲ್ಲಿ ಪ್ರಸಿದ್ಧ. ಐಓವಾದ ಜೆಸ್ಸಿ ಹಯಾಟ್ ಎಂಬ ರೈತರ ತೋಟದಲ್ಲಿ, ಅವರೂ ಕ್ವೇಕರರೇ, ಸಾಲು ತಪ್ಪಿ ಸಸಿಯೊಂದು ತಾನಾಗಿ ಹುಟ್ಟಿತು. ಬೇಡದ ಗಿಡವೆಂದು ಕಡಿದರು, ಮತ್ತೆ ಚಿಗುರಿತು, ಮತ್ತೆ ಕಡಿದರು. ಮೂರನೆಯ ಸಲ ಚಿಗುರಿದಾಗ ಬದುಕುವ ಹಟವಿದ್ದರೆ ಬದುಕಲೆಂದು ಬಿಟ್ಟರು. 1893ರಲ್ಲಿ ಸ್ಟಾರ್ಕ್ ನರ್ಸರಿಯವರು ಏರ್ಪಡಿಸಿದ್ದ ಸ್ಪರ್ಧೆಗೆ ಅದರ ಹಣ್ಣು ಹೋಯಿತು, ಮೆಚ್ಚುಗೆಯನ್ನೂ ಪಡೆಯಿತು, ಆದರೆ ಕಳಿಸಿದವರ ಹೆಸರು ವಿಳಾಸಗಳೇ ಕಳೆದುಹೋದವು. ಮರುವರ್ಷ ಅವರು ಮತ್ತೊಮ್ಮೆ ಕಳಿಸಿದ್ದರಿಂದಷ್ಟೇ ಪತ್ತೆಯಾಯಿತು. ಪ್ರಸಂಗಪೀಠದಲ್ಲಿ ದೃಷ್ಟಾಂತ ಹುಡುಕುವ ಮಿತ್ರರಿಗೆ ಇದನ್ನು ಬಿಟ್ಟುಕೊಟ್ಟು ನಾವು ಮುಂದುವರಿಯುತ್ತೇವೆ.

1916ರ ಹೊತ್ತಿಗೆ ಈ ತಳಿಯ ಸಸಿಗಳು ಬಾರೋಬಾಗಿನಲ್ಲಿ ನೆಲ ಕಂಡವು. 1921ರಲ್ಲಿ ಸ್ಟೋಕ್ಸರ ತಾಯಿ ಕ್ರಿಸ್ಮಸ್ ಕಾಣಿಕೆಯಾಗಿ ‘ಗೋಲ್ಡನ್ ಡಿಲಿಷಸ್’ ತಳಿಯ ಸಸಿಗಳನ್ನು ಕಳಿಸಿದರು. ಈ ಕಾಣಿಕೆ ಪ್ರೀತಿಯ ಗುರುತಷ್ಟೇ ಆಗಿರಲಿಲ್ಲ, ತೋಟಕ್ಕೆ ಅಗತ್ಯವೂ ಆಗಿತ್ತು. ಕೆಂಪು ಡಿಲಿಷಸ್ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ; ಪಕ್ಕದಲ್ಲಿ ಅದೇ ಸಮಯಕ್ಕೆ ಹೂಬಿಡುವ ಬೇರೆ ತಳಿಯ ಮರ ಬೇಕು, ಜೇನುನೊಣ ಬೇಕು. ಹಳದಿ ಹಣ್ಣಿನ ಗೋಲ್ಡನ್ ಡಿಲಿಷಸ್ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಬೀಜ ಬಿತ್ತಿ ಸೇಬಿನ ತಳಿಯನ್ನು ಬೆಳೆಸಲಾಗದೆಂಬುದೂ ಓದುಗರಿಗೆ ತಿಳಿದಿರಲಿ. ಬೀಜದಿಂದ ಹುಟ್ಟಿದ ಗಿಡ ತಾಯಿಯ ಗುಣವನ್ನು ತರುವುದಿಲ್ಲ. ಊರಿನ ಕಾಡುಸೇಬಿನ ಬುಡಕ್ಕೆ ಒಳ್ಳೆಯ ತಳಿಯ ಕಡ್ಡಿಯನ್ನು ಕಸಿ ಕಟ್ಟಬೇಕು. ಹೊರಗಿನ ರೆಂಬೆ, ಊರಿನ ಬೇರು. ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯವನ್ನು ಸ್ಟೋಕ್ಸರು ಕೈಯಲ್ಲಿ ಚಾಕು ಹಿಡಿದು ಓದಿದರೆನ್ನಬಹುದು. ಅಪೊಸ್ತಲನ ಉಪಮೆಯಲ್ಲಿ ಕಾಡುರೆಂಬೆಯನ್ನು ಊರ ಎಣ್ಣೆಮರಕ್ಕೆ ಸೇರಿಸಲಾಗುತ್ತದೆ. ತೋಟಗಾರನ ಪದ್ಧತಿ ಇದಕ್ಕೆ ತಿರುವುಮುರುವು.

ಕಸಿಗಿಡ ಫಲಕ್ಕೆ ಬರಲು ವರ್ಷಗಳು ಬೇಕು. ಇಂದು ತಿನ್ನುವ ಗೋಧಿಯನ್ನು ಕಿತ್ತು, ಐದಾರು ವರ್ಷಗಳ ನಂತರ ಬರಬಹುದಾದ ಹಣ್ಣನ್ನು ನಂಬೆಂದರೆ ಬಡ ರೈತ ನಂಬುವುದು ಹೇಗೆ? ತಮ್ಮ ತೋಟದ ಹಣ್ಣಿಗೆ ಬೆಲೆ ಬರುವುದನ್ನು ತೋರಿಸುವವರೆಗೆ ನೆರೆಯವರು ಸಂದೇಹದಿಂದಲೇ ನೋಡಿದರು. ತೋಟದ ಫಸಲು ಪೇಟೆಗೆ ಇಳಿದದ್ದು ನೆಟ್ಟು ಸುಮಾರು ಹತ್ತು ವರ್ಷಗಳ ಮೇಲೆ, 1926ರಲ್ಲಿ. ಸ್ಟೋಕ್ಸರು ಸಸಿಗಳನ್ನು ಹಂಚಿದರು. ಗುಂಡಿ ತೋಡುವ, ಕಸಿ ಕಟ್ಟುವ, ಚಳಿಗಾಲದಲ್ಲಿ ರೆಂಬೆ ಸವರುವ ಕ್ರಮವನ್ನು ಕಲಿಸಿದರು. ತಳಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡಿದ್ದರೆ ಶಿಮ್ಲಾ ಪೇಟೆಯ ಏಕಸ್ವಾಮ್ಯ ಅವರದಾಗುತ್ತಿತ್ತು.

ನಮ್ಮ ಕರಾವಳಿಯ ಸಭೆಯವರಿಗೆ ಇಲ್ಲಿ ಬಾಸೆಲ್ ಮಿಷನ್ನಿನ ನೆನಪಾಗದಿರದು. ಕ್ರೈಸ್ತರಾದ ಕಾರಣಕ್ಕೆ ಜಾತಿಯನ್ನೂ ಜೀವನೋಪಾಯವನ್ನೂ ಕಳೆದುಕೊಂಡವರಿಗೆ ಮಂಗಳೂರಿನ ಮಿಷನ್ ನೇಯ್ಗೆಯ ಕೆಲಸ ಕೊಟ್ಟಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅದರಿಂದ ಸಾವಿರಾರು ಮನೆಗಳು ಬದುಕಿದವು. ಅದನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ. ಆದರೆ ಅಲ್ಲಿ ಕೂಲಿ ಕೊಡುವವನೂ ಸುವಾರ್ತೆ ಹೇಳುವವನೂ ಒಬ್ಬನೇ ಆಗಿದ್ದನು. ಮೊದಲ ಮಹಾಯುದ್ಧದಲ್ಲಿ ಸರಕಾರವು ಆ ಉದ್ಯಮಗಳನ್ನು ವಶಪಡಿಸಿಕೊಂಡಾಗ ಸಭೆಯೇ ತತ್ತರಿಸಿತು. ಕೋಟಗಢದಲ್ಲಿ ಮರ ರೈತನ ಹೊಲದಲ್ಲಿತ್ತು, ಅದರ ಹಣ ರೈತನದಾಗಿತ್ತು, ಅವನು ಯಾವ ಧರ್ಮದವನೆಂದು ಕೇಳಿದವರಿರಲಿಲ್ಲ. ಇವೆರಡರಲ್ಲಿ ಯಾವುದು ಮಿಷನ್ ಎಂಬ ಶಬ್ದಕ್ಕೆ ಹೆಚ್ಚು ಹತ್ತಿರವೆಂಬುದು ನಮ್ಮ ತರಗತಿಗಳಲ್ಲಿ ಚರ್ಚೆಗೆ ಬರಬೇಕಾದ ವಿಷಯ.

ನೆರೆಯವನಾದುದರ ಪರೀಕ್ಷೆ ಹಣ್ಣಿಗಿಂತ ಮೊದಲೇ ಬಂದಿತು. ಆ ಬೆಟ್ಟಗಳಲ್ಲಿ ಬೇಗಾರ್ ಎಂಬ ಪದ್ಧತಿಯಿತ್ತು. ನಮ್ಮಲ್ಲಿ ಬಿಟ್ಟಿ ಎನ್ನುವುದು ಇದನ್ನೇ. ಅಧಿಕಾರಿಗಳು, ಬೇಟೆಗೆ ಹೊರಟ ಸಾಹೇಬರು, ಪ್ರವಾಸಿಗರು ಹಿಂದೂಸ್ಥಾನ್–ಟಿಬೆಟ್ ರಸ್ತೆಯಲ್ಲಿ ಹೋಗುವಾಗ ಅವರ ಪೆಟ್ಟಿಗೆ, ಡೇರೆ, ಮಂಚಗಳನ್ನು ಊರ ಮನೆಗಳವರು ಸರದಿಯ ಮೇಲೆ ಹೊರಬೇಕು. ಕೂಲಿ ಇಲ್ಲ, ಇದ್ದರೆ ಹೆಸರಿಗೆ. ಕರೆ ಬಂದಾಗ ಬಿತ್ತನೆಯಿರಲಿ ಕೊಯ್ಲಿರಲಿ, ಗಂಡಸು ಹೊರಟುಹೋಗಬೇಕು, ಹೊಲ ಕಾದಿರಬೇಕು. ಇಂಥ ಊರಿನಲ್ಲಿ ಹಣ್ಣಿನ ಕೃಷಿ ಬೆಳೆಯುವುದೆಂತು? ಹಣ್ಣು ಮಾಗಿದ ವಾರವೇ ಕೊಯ್ಯಬೇಕು, ಸಾಹೇಬರ ಬೇಟೆ ಮುಗಿಯುವವರೆಗೆ ಅದು ಕಾಯುವುದಿಲ್ಲ. ಬಿಳಿಯರಾದ ಸ್ಟೋಕ್ಸರಿಗೆ ಬೇಗಾರಿನವರನ್ನು ಕರೆಸಿಕೊಳ್ಳುವ ಮರ್ಯಾದೆಯಿತ್ತೇ ಹೊರತು ಹೊರುವ ಕರ್ತವ್ಯವಿರಲಿಲ್ಲ. ಅವರು ಊರವರ ಪರವಾಗಿ ಅರ್ಜಿಗಳನ್ನು ಬರೆದರು, ಪತ್ರಿಕೆಗಳಲ್ಲಿ ಲೇಖನಗಳನ್ನು ಬರೆದರು. ಅರ್ಜಿಗಳಿಂದ ಆಗದೆ ಹೋದಾಗ 1921ರಲ್ಲಿ ಊರುಗಳನ್ನು ಒಗ್ಗೂಡಿಸಿ, ಯಾರೂ ಹೊರೆ ಎತ್ತಬಾರದೆಂಬ ಕಟ್ಟುಪಾಡಿಗೆ ಒಪ್ಪಿಸಿದರು. ಗಾಂಧೀಜಿಯವರು ‘ಯಂಗ್ ಇಂಡಿಯಾ’ದಲ್ಲಿ ಈ ಹೋರಾಟವನ್ನು ಎತ್ತಿ ಹಿಡಿದರು. ಅದೇ ವರ್ಷ ಸರಕಾರ ಮಣಿಯಿತು, ಬೇಗಾರ್ ನಿಂತಿತು. ಯೆಶಾಯನ ಐವತ್ತೆಂಟನೆಯ ಅಧ್ಯಾಯದಲ್ಲಿ ದೇವರಿಗೆ ಮೆಚ್ಚಿಗೆಯಾದ ಉಪವಾಸ ಯಾವುದೆಂದು ಪ್ರವಾದಿ ಹೇಳುವ ಮಾತುಗಳನ್ನು ಓದುವವರು ಈ ಪ್ರಸಂಗವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದು.

ಅಲ್ಲಿಂದ ರಾಷ್ಟ್ರೀಯ ಚಳವಳಿಗೆ ಒಂದೇ ಹೆಜ್ಜೆ. ಸ್ಟೋಕ್ಸರು ಖಾದಿ ತೊಟ್ಟರು, ಕಾಂಗ್ರೆಸ್ಸನ್ನು ಸೇರಿದರು. ಸರಕಾರಿ ನೌಕರಿಯನ್ನೂ ಸೈನ್ಯವನ್ನೂ ಬಿಟ್ಟು ಬರಬೇಕೆಂದು ಭಾರತೀಯರಿಗೆ ಕರೆಕೊಟ್ಟ 1921ರ ಅಕ್ಟೋಬರಿನ ಮನವಿಗೆ ಗಾಂಧೀಜಿ ಮೊದಲಾದ ನಾಯಕರೊಡನೆ ಸಹಿ ಹಾಕಿದ ಅಮೆರಿಕನ್ನರು ಇವರೊಬ್ಬರೇ. ಡಿಸೆಂಬರಿನಲ್ಲಿ ಲಾಹೋರಿಗೆ ಹೋಗುತ್ತಿದ್ದಾಗ ವಾಘಾದಲ್ಲಿ ಅವರನ್ನು ಬಂಧಿಸಿ, ರಾಜದ್ರೋಹದ ಆಪಾದನೆಯ ಮೇಲೆ ಆರು ತಿಂಗಳ ಸೆರೆ ವಿಧಿಸಿದರು. ಸೆರೆಮನೆಯಲ್ಲಿ ಯುರೋಪಿಯನ್ನರಿಗೆ ಸಲ್ಲುವ ವಿಶೇಷ ಉಪಚಾರ ಬೇಡವೆಂದರು. ಬಿಳಿಯನೊಬ್ಬ ಭಾರತೀಯನಂತೆ ಭಾವಿಸಿ ಅವನ ದುಃಖದಲ್ಲಿ ಪಾಲುಗೊಂಡದ್ದನ್ನೇ ಸರಕಾರ ಸಹಿಸಲಾರದೆ ಹೋಯಿತು ಎಂಬ ಭಾವದಲ್ಲಿ ಗಾಂಧೀಜಿ ಬರೆದರು. ಕ್ರಮೇಣ ಅವರು ರಾಜಕಾರಣದಿಂದ ಹಿಂದೆ ಸರಿದರು. ತೋಟ, ಊರಿನ ಮಕ್ಕಳ ಶಿಕ್ಷಣ, ಓದು ಇವುಗಳಲ್ಲಿ ಮುಳುಗಿದರು. ಏಳು ಮಕ್ಕಳಲ್ಲಿ ತಾರಾ ಎಂಬ ಮಗ ಬಾಲ್ಯದಲ್ಲಿಯೇ ಆಮಶಂಕೆಯಿಂದ ತೀರಿಕೊಂಡನು. ಅವನ ಹೆಸರಿನಲ್ಲಿ ಶಾಲೆಯೊಂದನ್ನು ನಡೆಸಿದರು.

ಈಗ 1932ಕ್ಕೆ ಬರೋಣ. ಆ ವರ್ಷ ಸ್ಟೋಕ್ಸರು ಹಿಂದೂ ಧರ್ಮವನ್ನು ಸ್ವೀಕರಿಸಿ ಸತ್ಯಾನಂದರೆಂಬ ಹೆಸರನ್ನು ಪಡೆದರು, ಆಗ್ನೆಸ್ ಪ್ರಿಯಾದೇವಿಯಾದರು. ಇದಕ್ಕೆ ಕಾರಣಗಳೆರಡು. ಮೊದಲನೆಯದು ಲೌಕಿಕವೆಂದು ಕೆಲವರು ತಳ್ಳಿಹಾಕುವಂಥದು: ಮಕ್ಕಳು ಪಹಾಡಿಗಳಾಗಿಯೇ ಬೆಳೆದಿದ್ದರು, ಅವರ ನಂಟು ನಂಬಿಕೆ ಎಲ್ಲ ಆ ಬೆಟ್ಟದ ಸಮಾಜದೊಡನೆ, ಅವರು ಎಲ್ಲಿಗೂ ಸೇರದವರಾಗಿ ಉಳಿಯುವುದು ತಂದೆಗೆ ಬೇಕಿರಲಿಲ್ಲ. ಬೇರೂರುವುದೆಂದರೆ ಮಕ್ಕಳಿಗೂ ಅಲ್ಲಿಯೇ ಬೇರಿರಬೇಕು. ಇದನ್ನು ಅನುಕೂಲಸಿಂಧುತ್ವವೆಂದು ಕರೆಯುವ ಮುನ್ನ, ನಮ್ಮ ಸಭೆಗಳು ಭಾರತದಲ್ಲಿ ತಾವೇ ಒಂದು ಪ್ರತ್ಯೇಕ ಜಾತಿಯಂತೆ ಬೆಳೆದುದನ್ನು ನಾವು ನೆನೆಯಬೇಕು. ಕ್ರೈಸ್ತನಾಗಿ ಉಳಿದು ನೆರೆಯ ಪಹಾಡಿಯ ಬೀಗನೂ ಆಗುವ ದಾರಿ ಅಂದು ಇರಲಿಲ್ಲ. ಆ ದಾರಿಯನ್ನು ಮುಚ್ಚಿದವರಲ್ಲಿ ಎರಡೂ ಕಡೆಯವರಿದ್ದರು.

ಎರಡನೆಯ ಕಾರಣ ಶುದ್ಧ ದೈವಶಾಸ್ತ್ರದ್ದು, ಮತ್ತು ನಮ್ಮ ಓದುಗರು ತಪ್ಪಿಸಿಕೊಳ್ಳಲಾಗದ್ದು. ಒಂದೇ ಜನ್ಮದ ನಂಬಿಕೆ ಅಪನಂಬಿಕೆಗಳ ಮೇಲೆ ನಿತ್ಯಕಾಲದ ತೀರ್ಪು, ಮುಗಿಯದ ನರಕ ಎಂಬ ಬೋಧನೆಯನ್ನು ಪ್ರೀತಿಸ್ವರೂಪನಾದ ತಂದೆಯೊಡನೆ ಅವರು ಹೊಂದಿಸಲಾರದೆ ಹೋದರು. ತಾವು ಕಂಡ ನೆರೆಹೊರೆಯವರು, ಕುಷ್ಠಾಶ್ರಮದಲ್ಲಿ ಸತ್ತವರು, ಕಾಂಗ್ರಾದ ಮಣ್ಣಿನಡಿ ಹೂತುಹೋದವರು, ಇವರೆಲ್ಲ ಕ್ರಿಸ್ತನ ಹೆಸರನ್ನು ಅರಿಯದ ಕಾರಣಕ್ಕೆ ಎಂದೆಂದಿಗೂ ಕಳೆದುಹೋದರೆ? ವರ್ಷಗಟ್ಟಲೆ ಉಪನಿಷತ್ತು, ಗೀತೆಗಳನ್ನು ಅಧ್ಯಯನ ಮಾಡಿದ ಅವರಿಗೆ, ಯಾವ ಆತ್ಮವನ್ನೂ ಕೊನೆಯವರೆಗೆ ಕೈಬಿಡದ ದಾರಿಯಾಗಿ ಕರ್ಮ ಪುನರ್ಜನ್ಮಗಳ ಬೋಧನೆ ಕಂಡಿತು. ತಮ್ಮ ಚಿಂತನೆಯನ್ನು ‘ಸತ್ಯಕಾಮ’ ಎಂಬ ಗ್ರಂಥದಲ್ಲಿ ಬರೆದಿಟ್ಟರು. ಯೇಸುವಿನ ಮೇಲಣ ಪ್ರೀತಿಯನ್ನು ಅವರು ತೊರೆಯಲಿಲ್ಲವೆಂಬುದು ಅವರನ್ನು ಬಲ್ಲವರ ಮಾತು.

ಅವರ ಉತ್ತರವನ್ನು ನಾವು ಒಪ್ಪುವುದಿಲ್ಲ. ಕರ್ಮದ ಸರಪಣಿಯು ಕುಷ್ಠರೋಗಿಗೆ ಅವನ ನೋವು ಅವನದೇ ಸಂಪಾದನೆಯೆಂದು ಹೇಳುವಾಗ, ಹುಟ್ಟುಗುರುಡನನ್ನು ಕುರಿತು ಶಿಷ್ಯರು ಕೇಳಿದ ಪ್ರಶ್ನೆಗೆ ಕರ್ತನು ಕೊಟ್ಟ ಉತ್ತರವೇ ನಮಗೆ ಹೆಚ್ಚು ಕರುಣೆಯುಳ್ಳದ್ದಾಗಿ ತೋರುತ್ತದೆ. ಸಬಾಥುವಿನಲ್ಲಿ ಹುಣ್ಣು ತೊಳೆದ ವ್ಯಕ್ತಿಗೆ ಈ ತೊಡಕು ಹೊಳೆಯದೆ ಇದ್ದಿರಲಾರದು. ಆದರೆ ಅವರ ಪ್ರಶ್ನೆ ಸುಳ್ಳು ಪ್ರಶ್ನೆಯಾಗಿರಲಿಲ್ಲ. ಅವರ ಮಿತ್ರರಾದ ಆಂಡ್ರೂಸರೂ 1914ರಲ್ಲಿ ಯಾಜಕವೃತ್ತಿಯನ್ನು ಬದಿಗಿಟ್ಟದ್ದು ಇದೇ ಮುಳ್ಳಿನಿಂದ: ಅಥನಾಸಿಯಸನ ಹೆಸರಿನ ವಿಶ್ವಾಸಪ್ರಮಾಣದ ಶಾಪವಾಕ್ಯಗಳನ್ನು ಆರಾಧನೆಯಲ್ಲಿ ಬಾಯಿಬಿಟ್ಟು ಹೇಳಲು ಅವರಿಂದಾಗಲಿಲ್ಲ. ಆಂಡ್ರೂಸರು ಸಭೆಯ ಅಂಚಿನಲ್ಲಿ ಉಳಿದರು, ಸ್ಟೋಕ್ಸರು ದಾಟಿದರು. ಒಬ್ಬರು ಮದುವೆಯಾಗದೆ, ನೆಲೆಯೂರದೆ ಅಲೆದವರು. ಇನ್ನೊಬ್ಬರಿಗೆ ನೆಲವಿತ್ತು, ನೆರೆಯಿತ್ತು. ನಿತ್ಯನರಕದ ಬೋಧನೆ ಪುಸ್ತಕದಲ್ಲಿ ಓದುವವನಿಗಿಂತ, ಪಕ್ಕದ ಹೊಲದವನೊಡನೆ ಇಪ್ಪತ್ತು ವರ್ಷ ರೆಂಬೆ ಸವರಿದವನಿಗೆ ಹೆಚ್ಚು ಭಾರವಾಗುತ್ತದೆ. ಪಂಜಾಬಿನ ಸಭೆಯಲ್ಲಿ ಅಂದು ಈ ಭಾರವನ್ನು ಹಂಚಿಕೊಂಡು ಯೋಚಿಸುವವರು ಎಷ್ಟು ಜನ ಸಿಕ್ಕಿದ್ದರು? ಸಂದೇಹವನ್ನು ಶಿಸ್ತಿನ ವಿಷಯವಾಗಿ ಮಾತ್ರ ಕಾಣುವ ಅಭ್ಯಾಸ ನಮ್ಮ ಪೀಠಗಳಿಂದ ಇಂದಿಗೂ ಹೋಗಿಲ್ಲ. ಸಭಾಪಾಲಕರಾಗಲಿರುವ ವಿದ್ಯಾರ್ಥಿಗಳ ಬಳಿಗೆ ಇಂಥ ಪ್ರಶ್ನೆ ಹೊತ್ತ ಸಭಿಕನೊಬ್ಬ ಬಂದೇ ಬರುತ್ತಾನೆ, ಹೆಚ್ಚಾಗಿ ಹಿಂದೂ ನೆರೆಯವನೊಬ್ಬನ ಶವಸಂಸ್ಕಾರ ಮುಗಿಸಿಕೊಂಡು.

1937ರಲ್ಲಿ ಥಾನೇದಾರಿನ ಏರಿನಲ್ಲಿ, ಹಾರ್ಮನಿ ಹಾಲಿನ ಹತ್ತಿರ, ಅವರು ಪರಮಜ್ಯೋತಿ ಮಂದಿರವನ್ನು ಕಟ್ಟಿಸಿದರು. ಗೀತೆ ಉಪನಿಷತ್ತುಗಳ ವಾಕ್ಯಗಳನ್ನು ಅಲ್ಲಿಯ ಮರದಲ್ಲಿ ಕೆತ್ತಲಾಗಿದೆ. ಹೆಸರನ್ನು ಗಮನಿಸಿ. ಫಿಲಡೆಲ್ಫಿಯಾದ ಮೌನಸಭೆಯಲ್ಲಿ ಬಾಲಕನು ಕೇಳಿದ ಒಳಬೆಳಕಿನ ಮಾತು ಸಂಸ್ಕೃತದಲ್ಲಿ ಮರಳಿ ಬಂದಂತಿದೆ. ಮತಾಂತರವೆಂದು ನಾವು ಬರೆಯುವ ಕಡೆ ಎಷ್ಟು ಬದಲಾಯಿತು, ಎಷ್ಟು ಉಳಿಯಿತು ಎಂದು ಕೇಳಬೇಕಾಗುತ್ತದೆ.

ತೋಟದ ಕಥೆಯೂ ಕಲೆಯಿಲ್ಲದ್ದಲ್ಲ. ಸೇಬು ಶಿಮ್ಲಾ, ಕುಲ್ಲು, ಕಿನ್ನೌರಗಳಿಗೆ ಹಬ್ಬಿ ರಾಜ್ಯದ ಮುಖ್ಯ ಹಣದ ಬೆಳೆಯಾಯಿತು. ಕಲ್ಲುಮನೆಗಳ ಊರುಗಳಿಗೆ ಶಾಲೆ, ರಸ್ತೆ, ಕಾರು ತಂದಿತು. ಜೊತೆಗೆ ಹಣ್ಣಿನ ಪೆಟ್ಟಿಗೆಗಳಿಗಾಗಿ ಬಹಳ ಕಾಲ ದೇವದಾರು ಜಾತಿಯ ಕಾಡು ಉರುಳಿತು. ಒಂದೇ ಬೆಳೆಯನ್ನು ನೆಚ್ಚಿದ ರೈತನಿಗೆ ಆನೆಕಲ್ಲಿನ ಮಳೆ, ಕಜ್ಜಿರೋಗ, ಬೆಲೆಯ ಕುಸಿತ ಮೂರೂ ಭಯ. ಈ ಮರಕ್ಕೆ ಚಳಿಗಾಲದಲ್ಲಿ ಸಾವಿರದಷ್ಟು ಗಂಟೆಗಳ ಕೊರೆತ ಬೇಕು. ಚಳಿ ಕಡಿಮೆಯಾದಂತೆ ತಗ್ಗಿನ ತೋಟಗಳು ಸೊರಗಿ, ಕೃಷಿ ಇನ್ನಷ್ಟು ಎತ್ತರಕ್ಕೆ ಏರುತ್ತಿದೆ. ಕೊಯ್ಲಿನ ಕಾಲದಲ್ಲ��� ಇಳಿಜಾರುಗಳಿಂದ ರಸ್ತೆಯವರೆಗೆ ಪೆಟ್ಟಿಗೆಗಳನ್ನು ಬೆನ್ನ ಮೇಲೆ ಹೊತ್ತು ತರುವವರು ಹೆಚ್ಚಾಗಿ ನೇಪಾಳದಿಂದ ಬಂದ ಕೂಲಿಗಳು. ಅವರಿಗೆ ಕೂಲಿ ಸಿಗುತ್ತದೆ, ಅದು ಬೇಗಾರಲ್ಲ. ಆದರೂ ಆ ರಸ್ತೆಯಲ್ಲಿ ಹೊರೆ ಇಳಿದಿಲ್ಲ, ಬೆನ್ನು ಮಾತ್ರ ಬದಲಾಗಿದೆ.

ಸತ್ಯಾನಂದ ಸ್ಟೋಕ್ಸರು 1946ರ ಮೇ 14ರಂದು ತೀರಿಕೊಂಡರು. ಸ್ವಾತಂತ್ರ್ಯಕ್ಕೆ ಹದಿನೈದು ತಿಂಗಳು ಉಳಿದಿದ್ದವು. ಸುಂದರ ಸಿಂಗರು ಅದಕ್ಕೂ ಹದಿನೇಳು ವರ್ಷ ಮೊದಲು, 1929ರಲ್ಲಿ, ಟಿಬೆಟ್ಟಿನತ್ತ ಹೊರಟು ಮರಳಿ ಬಂದಿರಲಿಲ್ಲ. ಅವರು ಹಿಂದೆ ಟಿಬೆಟ್ಟಿಗೆ ಹೋಗಲು ಬಳಸುತ್ತಿದ್ದ ದಾರಿಗಳಲ್ಲೊಂದು ಕೋಟಗಢದ ಮೇಲೆಯೇ ಹಾಯ್ದುಹೋಗುತ್ತದೆ. ಮಿಷನ್ನಿನ ಹಳೆಯ ದೇವಾಲಯವೂ ಪರಮಜ್ಯೋತಿ ಮಂದಿರವೂ ಆ ದಾರಿಯ ಆಸುಪಾಸಿನಲ್ಲಿ, ಒಂದರಿಂದ ಇನ್ನೊಂದು ಕೆಲವೇ ಮೈಲಿಗಳ ದೂರದಲ್ಲಿ, ಸೇಬಿನ ತೋಟಗಳ ನಡುವೆ ಇವೆ.